ಮಿಸ್ಡ್ ಕಾಲ್ ಕೊಟ್ಟು ಬಿಟ್ಟವರು

ಸಿಗರೇಟು ಸೇದುವ ಗಂಡಸರ ಬಳಿ ಯಾವಾಗಲೂ ಎರಡು ಲೆಕ್ಕ ಇರುತ್ತವೆ. ಒಂದು ಡಾಕ್ಟರಿಗೆ ಹೇಳುವ ಲೆಕ್ಕ. ಅದು ‘ದಿನಕ್ಕೆ ಎರಡೋ ಮೂರೋ’ ಎಂಬಲ್ಲಿಂದ ಮೇಲಕ್ಕೆ ಏಳುವುದೇ ಇಲ್ಲ. ಇನ್ನೊಂದು ಗೂಡಂಗಡಿಯವನ ನೋಟ್‌ಬುಕ್ಕಿನಲ್ಲಿರುವ ಲೆಕ್ಕ. ತಿಂಗಳ ಕೊನೆಗೆ ಅದನ್ನು ಕೂಡಿಸುವಾಗ ಅಂಗಡಿಯವನೇ ಒಮ್ಮೆ ತಲೆಯೆತ್ತಿ ಗಿರಾಕಿಯ ಮುಖ ನೋಡುತ್ತಾನೆ. ಹೆಂಡತಿಗೆ ಹೇಳುವ ಲೆಕ್ಕ ಅಂತ ಮೂರನೆಯದೊಂದು ಇಲ್ಲ. ಹೆಂಡತಿ ಕೇಳಬೇಕಾಗಿಯೇ ಇಲ್ಲ, ಮೂಗು ಹೇಳುತ್ತದೆ.

ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದವರು, ಲೆಕ್ಕದಲ್ಲಿ ಪೈಸೆ ತಪ್ಪದವರು. ರಾತ್ರಿ ಊಟವಾದ ಮೇಲೆ ‘ಟ್ಯಾಂಕಲ್ಲಿ ನೀರೆಷ್ಟಿದೆ ನೋಡ್ಕೊಂಡ್ ಬರ್ತೀನಿ’ ಎಂದು ವಿನೋಬನಗರದ ನಮ್ಮ ಮನೆಯ ತಾರಸಿ ಹತ್ತುತ್ತಿದ್ದರು. ಇಷ್ಟು ಶ್ರದ್ಧೆಯಿಂದ ಟ್ಯಾಂಕು ನೋಡುವವರು ಇಡೀ ಶಿವಮೊಗ್ಗದಲ್ಲಿ ಇನ್ನೊಬ್ಬರಿರಲಿಲ್ಲ. ಆಷಾಢದಲ್ಲಿ ತುಂಗೆ ದಡ ಮೀರಿ ಹರಿಯುವಾಗಲೂ ಇವರಿಗೆ ಟ್ಯಾಂಕಿನದೇ ಚಿಂತೆ. ಇಳಿದು ಬರುವಾಗ ಬಾಯಲ್ಲಿ ಏಲಕ್ಕಿ. ನಮ್ಮ ಅತ್ತೆಯವರು ಬದುಕಿರುವವರೆಗೂ, ಮಗ ಸೇದುವುದು ತನಗೆ ಗೊತ್ತೇ ಇಲ್ಲ ಎಂಬಂತೆ ನಡೆದುಕೊಂಡರು. ಏಲಕ್ಕಿ ಡಬ್ಬಿ ಖಾಲಿಯಾದಾಗ ಮಾತ್ರ, ‘ಪಾಯಸ ಮಾಡಿ ಎಷ್ಟು ದಿನ ಆಯ್ತು, ಏಲಕ್ಕಿ ಎಲ್ಲಿ ಹೋಯ್ತೇ?’ ಎಂದು ನನ್ನನ್ನು ಕೇಳುತ್ತಿದ್ದರು. ನಾನು ಏನು ಹೇಳಲಿ? ‘ಟ್ಯಾಂಕಿಗೆ ಹೋಯ್ತು ಅತ್ತೆ’ ಎನ್ನಲಾಗುತ್ತದೆಯೇ?

ನನ್ನ ತವರು ಭದ್ರಾವತಿ. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯ ದಾರಿ, ಇಲ್ಲೂ ಬಿ.ಎಚ್. ರೋಡು, ಅಲ್ಲೂ ಬಿ.ಎಚ್. ರೋಡು. ಹಳಬರು ಆ ಊರನ್ನು ಬೆಂಕಿಪುರ ಎನ್ನುತ್ತಿದ್ದರು. ವಿಶ್ವೇಶ್ವರಯ್ಯನವರು ಹಟ ಹಿಡಿದು ಮಾಡಿಸಿದ ಕಬ್ಬಿಣದ ಕಾರ್ಖಾನೆ ಅಲ್ಲಿ ಶುರುವಾದದ್ದು 1923ರಲ್ಲಿ. ಸುತ್ತಲ ಕಾಡಿನ ಸೌದೆಯನ್ನು ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ಅದಿರು ಕರಗಿಸುತ್ತಿದ್ದ ಕಾಲ ಅದು. 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು, ನಮ್ಮ ಬಾಯಲ್ಲಿ ಎಂಪಿಎಂ. ನ್ಯೂಟೌನ್ ಕಡೆಯಿಂದ ಗಾಳಿ ಬೀಸಿದರೆ ಒಂದು ಹೊಗೆ, ಪೇಪರ್ ಟೌನ್ ಕಡೆಯಿಂದ ಬೀಸಿದರೆ ಇನ್ನೊಂದು ವಾಸನೆ. ಹೊಸಬರು ಮೂಗು ಮುಚ್ಚಿಕೊಂಡರೆ ನಾವು ಮಕ್ಕಳು ‘ಏನಾಯ್ತು ಇವರಿಗೆ?’ ಎಂದು ಆಶ್ಚರ್ಯಪಡುತ್ತಿದ್ದೆವು. ಇಂಥ ಊರಿನಲ್ಲಿ ಒಬ್ಬ ಮನುಷ್ಯ ಬೀಡಿ ಹಚ್ಚಿದನೆಂದು ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಅಪ್ಪನಿಗೆ ಬೀಡಿ ತರಲು ನನ್ನನ್ನೇ ಕಳಿಸುತ್ತಿದ್ದರು. ಇವತ್ತಾದರೆ ಅದು ಕಾನೂನಿಗೆ ವಿರುದ್ಧ. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಆಗ ನನಗೆ ಆ ಅಂಗಡಿ ಎಂದರೆ ಭಾರಿ ಇಷ್ಟ. ಹಲಗೆಯ ಮೇಲೆ ಒಂದು ಪುಟ್ಟ ಸೀಮೆಎಣ್ಣೆ ಬುಡ್ಡಿ ಸದಾ ಉರಿಯುತ್ತಿತ್ತು. ಪಕ್ಕದ ಡಬ್ಬಿಯಲ್ಲಿ, ಖಾಲಿ ಸಿಗರೇಟು ಪ್ಯಾಕುಗಳನ್ನು ಸೀಳಿ ಮಾಡಿದ ಉದ್ದುದ್ದ ರಟ್ಟಿನ ಚೂರುಗಳು. ಬೀಡಿ ಕೊಂಡವನು ಒಂದು ಚೂರನ್ನು ಎತ್ತಿ, ಬುಡ್ಡಿಗೆ ಹಿಡಿದು, ಕತ್ತು ಓರೆ ಮಾಡಿ ಬೀಡಿಗೆ ಹಚ್ಚಿಕೊಂಡು, ಉಳಿದದ್ದನ್ನು ಕೈಬೀಸಿ ಆರಿಸಿ ಚರಂಡಿಗೆ ಎಸೆಯುತ್ತಿದ್ದ. ರಟ್ಟಿನ ಮೇಲಿನ ಬಣ್ಣ ಸುಡುವಾಗ ಅಂಚಿನಲ್ಲಿ ಒಂದು ಕ್ಷಣ ಹಸಿರು ಜ್ವಾಲೆ ಕಾಣುತ್ತಿತ್ತು. ಅದನ್ನು ನೋಡಲೆಂದೇ ನಾನು ಚಿಲ್ಲರೆ ಎಣಿಸುವ ನೆಪದಲ್ಲಿ ನಿಲ್ಲುತ್ತಿದ್ದೆ. ಈಗ ಬುಡ್ಡಿಯ ಜಾಗದಲ್ಲಿ ದಾರಕ್ಕೆ ಕಟ್ಟಿದ ಲೈಟರ್ ನೇತಾಡುತ್ತದೆ. ದಾರ ಯಾಕೆಂದರೆ, ಸಾವಿರಾರು ರೂಪಾಯಿ ಕೈಗಡವನ್ನು ನೆನಪಿಟ್ಟು ತೀರಿಸುವ ಮನುಷ್ಯನೂ ಹತ್ತು ರೂಪಾಯಿಯ ಲೈಟರನ್ನು ಮರೆತು ಜೇಬಿಗಿಳಿಸುತ್ತಾನೆ.

ಅಣ್ಣ ಎಂಪಿಎಂನಲ್ಲಿದ್ದ. ಕಾರ್ಖಾನೆ ನಿಂತಾಗ ಉಳಿದವರ ಜೊತೆ ಅವನೂ ಸ್ವಯಂ ನಿವೃತ್ತಿ ತೆಗೆದುಕೊಂಡ. ಪೇಪರ್ ಟೌನಿನ ಚಿಮಣಿ ಹೊಗೆ ಬಿಟ್ಟಿತು, ಅಣ್ಣ ಬಿಡಲಿಲ್ಲ. ಅತ್ತಿಗೆಯ ಪ್ರಕಾರ ಚಿಮಣಿಯ ಪಾಲನ್ನೂ ಇವನೇ ವಹಿಸಿಕೊಂಡ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಅಂಗಡಿ ಮುಂದೆ ಹಳೆಯ ಶಿಫ್ಟಿನವರೆಲ್ಲ ಸೇರುತ್ತಾರೆ. ಅಲ್ಲಿ ಕಾರ್ಖಾನೆ ಮತ್ತೆ ಶುರುವಾಗುವ ಸುದ್ದಿ ವಾರಕ್ಕೊಮ್ಮೆ ಹುಟ್ಟಿ, ಎರಡು ಸಿಗರೇಟು ಮುಗಿಯುವಷ್ಟರಲ್ಲಿ ಸಾಯುತ್ತದೆ.

ಬಿಡಬೇಕು ಅಂತ ಅಣ್ಣನಿಗೂ ಇತ್ತು. 2016–17ರಲ್ಲಿ ದೇಶದಾದ್ಯಂತ ನಡೆದ ತಂಬಾಕು ಸಮೀಕ್ಷೆಯಲ್ಲಿ, ಸೇದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ‘ಬಿಡುವ ಯೋಚನೆ ಇದೆ’ ಎಂದೇ ಹೇಳಿದ್ದರಂತೆ. ಯೋಚನೆಗೇನು ಬರ? ಆದರೆ ನಮ್ಮ ಕಡೆ ಸೇದುವುದಕ್ಕಿಂತ ಬಿಡುವುದೇ ಹೆಚ್ಚು ಗುಟ್ಟಿನ ಕೆಲಸ. ಸೇದುವಾಗ ನಾಲ್ಕು ಜನ ಜೊತೆಗಿರುತ್ತಾರೆ, ಬಿಡುವಾಗ ಒಬ್ಬನೇ. ‘ಬಿಟ್ಟೆ’ ಅಂತ ಬಾಯಿಬಿಟ್ಟನೋ, ಇವನು ಯಾವಾಗ ಮತ್ತೆ ಹಚ್ಚುತ್ತಾನೆ ಅಂತ ಆ ನಾಲ್ಕೂ ಜನ ಕಾದು ಕೂರುತ್ತಾರೆ. ‘ಏನ್ ಮಾರಾಯ, ಸನ್ಯಾಸ ಮುಗೀತಾ?’ ಎಂಬ ಒಂದೇ ಮಾತಿಗೆ ಹೆದರಿ, ಬಿಡುವ ಯೋಚನೆಯನ್ನೇ ಬಿಟ್ಟವರನ್ನು ನಾನು ಬಲ್ಲೆ. ‘ನನ್ನ ಕೈಲಿ ಆಗ್ತಿಲ್ಲ’ ಎಂಬ ಮಾತು ಗಂಡಸರ ಗಂಟಲು ದಾಟಿ ಹೊರಗೆ ಬರುವುದೇ ಇಲ್ಲ. ದಾರಿ ತಪ್ಪಿ ತೀರ್ಥಹಳ್ಳಿಯನ್ನೆಲ್ಲ ಸುತ್ತಿದರೂ ಕಾರು ನಿಲ್ಲಿಸಿ ಯಾರನ್ನೂ ಕೇಳದವರು, ಮೆಗ್ಗಾನ್ ಆಸ್ಪತ್ರೆಯ ಮುಂದೆ ದಿನಾ ಕೆಮ್ಮುತ್ತ ಹಾದುಹೋದರೂ ಒಳಗೆ ಕಾಲಿಡದವರು ಇವರು. ಮುಖ ಕಾಣದ, ಹೆಸರು ಗೊತ್ತಿಲ್ಲದ, ನಾಳೆ ಮದುವೆಮನೆಯಲ್ಲಿ ಎದುರಾಗದ ಫೋನಿನ ಎದುರಿಗಾದರೆ ಆ ಮಾತು ಹೇಗೋ ಹೊರಗೆ ಬರುತ್ತದೆ. ಸಿಗರೇಟು ಬಿಡಿಸುವ ಆಪು, ಎಸ್ಸೆಮ್ಮೆಸ್ಸು, ಸಹಾಯವಾಣಿಗಳಿಂದ ಏನಾದರೂ ಪ್ರಯೋಜನವಾಗುತ್ತಿದ್ದರೆ ಅದು ಇದರಿಂದಲೇ ಎಂದು ನನ್ನ ನಂಬಿಕೆ. ಅವು ಹೇಳುವ ಬುದ್ಧಿಮಾತಿನಲ್ಲಿ ಹೊಸದೇನೂ ಇಲ್ಲ. ಅದನ್ನೆಲ್ಲ ನಾವು ಹೆಂಡಂದಿರು ಮೊದಲೇ ಉಚಿತವಾಗಿ ಹೇಳಿದ್ದೇವೆ.

ಹೊರದೇಶದವರಿಗೆ ಈ ಗಂಡಸರ ಗಂಟಲಿನ ಸಮಸ್ಯೆ ಮೊದಲೇ ಗೊತ್ತಾಗಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಗಂಡಸರಿಗೆಂದೇ ‘ಕ್ವಿಟ್‌ನೌ ಮೆನ್’ ಎಂಬ ಜಾಲತಾಣ ರೂಪಿಸಲು ಕೈಜೋಡಿಸಿದರು. ಸೇದುವ ಅಪ್ಪಂದಿರಿಗೆಂದು ‘ಡ್ಯಾಡ್ಸ್ ಇನ್ ಗಿಯರ್’ ಎಂಬ ಎಂಟು ವಾರದ ಕಾರ್ಯಕ್ರಮವನ್ನೂ ಮಾಡಿದರು. ಅದರಲ್ಲಿ ಸಿಗರೇಟು ಬಿಡುವುದರ ಜೊತೆಗೆ ವ್ಯಾಯಾಮ, ಮಕ್ಕಳನ್ನು ನೋಡಿಕೊಳ್ಳುವುದು ಎಲ್ಲ ಸೇರಿದೆ. ಬೈದು, ಹೆದರಿಸಿ, ನಾಚಿಕೆಪಡಿಸಿ ಗಂಡಸರನ್ನು ಬಿಡಿಸುವುದು ಆಗದ ಮಾತು, ನಾಲ್ಕು ಒಳ್ಳೆಯ ಮಾತು ಆಡಿ ಹುರಿದುಂಬಿಸಬೇಕು ಎಂಬುದು ಅವರ ಧೋರಣೆ. ಅತ್ತಿಗೆಗೆ ಇದನ್ನು ಹೇಳಿದೆ. ‘ಅಲ್ಲಿನ ಹೆಂಗಸರಿಗೆ ಬೈಯೋಕೆ ಬರಲ್ಲ ಅನ್ಸುತ್ತೆ’ ಎಂದಳು.

ನಮ್ಮಲ್ಲಿ ಸಿಗರೇಟಿನ ವಿಷಯಕ್ಕೆ ‘ಗಂಡಸರಿಗೆ’ ಎಂದು ಬೇರೆ ಬೋರ್ಡು ಹಾಕಬೇಕಾಗಿಯೇ ಇಲ್ಲ. ಅದೇ ಸಮೀಕ್ಷೆಯಂತೆ ದೇಶದ ಗಂಡಸರಲ್ಲಿ ಸೇದುವವರು ನೂರಕ್ಕೆ 19, ಹೆಂಗಸರಲ್ಲಿ 2. ಹೆಂಗಸರ ತಂಬಾಕು ಹೊಗೆಯಾಗಿ ಮೇಲೇಳದೆ ಎಲೆಅಡಿಕೆಯೊಳಗೆ ಮಡಚಿಕೊಂಡು ಕೂತಿರುತ್ತದೆ. ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 10 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುವವರು. ಅಜ್ಜಿ ಕವಳದ ಸಂಚಿ ಬಿಚ್ಚಿ ಹೊಗೆಸೊಪ್ಪಿನ ಎಸಳು ಮುರಿಯುವಾಗ ‘ಬಿಡು’ ಅಂದವರು ಯಾರೂ ಇಲ್ಲ. ಬೀಡಿ ಸೇದುವ ಅಪ್ಪನಿಗೆ ಮಾತ್ರ ದಿನಾ ಪ್ರವಚನ, ಅದೂ ಅಜ್ಜಿಯಿಂದಲೇ, ಬಾಯಲ್ಲಿ ಕವಳ ಇರುವಾಗಲೇ.

ಒಂದು ದೀಪಾವಳಿಗೆ ಬೆಂಗಳೂರಿನಿಂದ ಬಂದ ಅಣ್ಣನ ಮಗ ಅವನ ಫೋನಿಗೆ ಒಂದು ಆಪ್ ಹಾಕಿಕೊಟ್ಟ. ಯಾವುದೋ ಚಳಿ ದೇಶದ್ದು. ‘ದಿನಕ್ಕೆ ಎಷ್ಟು?’ ಎಂದು ಅದು ಕೇಳಿದಾಗ ಅಣ್ಣ ಸುತ್ತಮುತ್ತ ನೋಡಿ, ಅತ್ತಿಗೆ ಅಡಿಗೆಮನೆಯಲ್ಲಿರುವುದನ್ನು ಖಾತ್ರಿ ಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ ನಿಜವಾದ ಸಂಖ್ಯೆ ಒತ್ತಿದನಂತೆ. ಆಪು ಖುಷಿಯಾಯಿತು. ಕೊನೆಯ ಸಿಗರೇಟು ಆರಿಸಿ 20 ನಿಮಿಷಕ್ಕೆ ನಿಮ್ಮ ಎದೆಬಡಿತ ಇಳಿಯುತ್ತದೆ, 12 ಗಂಟೆಯಲ್ಲಿ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಮಾಮೂಲಿಗೆ ಬರುತ್ತದೆ, ಒಂದು ವರ್ಷಕ್ಕೆ ಹೃದ್ರೋಗದ ಅಪಾಯ ಅರ್ಧಕ್ಕೆ ಇಳಿಯುತ್ತದೆ ಎಂದು ಆಸೆ ತೋರಿಸಿತು. ಇದೆಲ್ಲ ನಿಜವೇ. ಅಣ್ಣ ಗಡಿಯಾರ ಇಟ್ಟುಕೊಂಡು 20 ನಿಮಿಷ ತನ್ನ ನಾಡಿ ತಾನೇ ಹಿಡಿದು ಕೂತ. 12 ಗಂಟೆಗೆ ಒಂದು ಪದಕ ಬಂತು, 24 ಗಂಟೆಗೆ ಇನ್ನೊಂದು.

ತೊಂದರೆ ಬಂದದ್ದು ದುಡ್ಡಿನ ಲೆಕ್ಕದಲ್ಲಿ. ಅಲ್ಲಿನ ಸಿಗರೇಟಿನ ಬೆಲೆಯನ್ನೇ ಹಿಡಿದು ಗುಣಿಸಿದ ಆಪು, ಅಣ್ಣ ಎರಡೇ ದಿನದಲ್ಲಿ ಒಂದು ಮಿಕ್ಸಿಯಷ್ಟು ಹಣ ಉಳಿಸಿದ್ದಾನೆಂದು ಘೋಷಿಸಿತು. ಅತ್ತಿಗೆ ಚಾಳೀಸು ಹಾಕಿಕೊಂಡು ನೋಡಿ, ‘ಎಲ್ರೀ ಈ ದುಡ್ಡು? ಕರೆಂಟ್ ಬಿಲ್ ಕಟ್ಟೋದಿದೆ’ ಎಂದಳು. ಆಮೇಲೆ ಆಪಿನ ನೆನಪೋಲೆಗಳು. ಮಧ್ಯಾಹ್ನ ಊಟ ಮಾಡಿ ಎಲ್ಲ ಮರೆತು ಸುಖವಾಗಿ ಒರಗಿಕೊಂಡಿದ್ದಾಗ ಫೋನು ಟಿಂಗ್ ಎನ್ನುವುದು: ಈಗ ನಿಮಗೆ ಸೇದಬೇಕು ಅನಿಸುತ್ತಿದೆಯೇ? ಅಲ್ಲಿಯವರೆಗೆ ಅನಿಸಿರಲಿಲ್ಲ! ಅನಿಸಿದಾಗ ಕ್ಯಾರೆಟ್ ಕಡಿಯಿರಿ ಎಂಬ ಸಲಹೆ ಬೇರೆ. ನಿಕೋಟಿನ್ ಮೈಯಿಂದ ಇಳಿಯುವ ಮೊದಲ ಎರಡು ಮೂರು ದಿನಗಳೇ ಎಲ್ಲಕ್ಕಿಂತ ಕಷ್ಟ. ಸಿಡುಕು, ನಿದ್ದೆಗೇಡು, ಏನೋ ಕಳಕೊಂಡ ಚಡಪಡಿಕೆ. ಕೋಸಂಬರಿಗೆಂದು ತಂದ ಕ್ಯಾರೆಟ್ಟೆಲ್ಲ ಮುಗಿದ ಮೇಲೆ ಅಣ್ಣ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದ. ಬಂದು ಪ್ರಾಮಾಣಿಕವಾಗಿ ಆಪಿಗೆ ತಿಳಿಸಿದ. ಅದು ಅವನ ಪದಕಗಳನ್ನೆಲ್ಲ ಕಿತ್ತುಕೊಂಡು, ದಿನಗಳನ್ನು ಸೊನ್ನೆಗೆ ತಂದು, ‘ಪರವಾಗಿಲ್ಲ, ಮೊದಲಿನಿಂದ ಶುರುಮಾಡಿ’ ಎಂದು ಇಂಗ್ಲಿಷಿನಲ್ಲಿ ನಕ್ಕಿತು. ‘ಇಷ್ಟು ವರ್ಷದ ಸರ್ವಿಸ್‌ನಲ್ಲಿ ಯಾವ ಜನರಲ್ ಮ್ಯಾನೇಜರೂ ನನ್ನ ಸೀನಿಯಾರಿಟಿ ಸೊನ್ನೆ ಮಾಡಿರಲಿಲ್ಲ’ ಎಂದು ಅಣ್ಣ ಆಪನ್ನು ಕಿತ್ತುಹಾಕಿದ. ‘ಹಂಗಾದ್ರೆ ಎಲೆಕ್ಟ್ರಾನಿಕ್ ಸಿಗರೇಟು?’ ಎಂದು ಯಾರೋ ಕೇಳಿದರು. ಕರ್ನಾಟಕ ಅದನ್ನು 2016ರಲ್ಲೇ ನಿಷೇಧಿಸಿದೆ ಎಂದು ಮಗನೇ ಬಾಯಿ ಮುಚ್ಚಿಸಿದ.

ನಮ್ಮ ಜನರನ್ನು ಸರಿಯಾಗಿ ಅರ್ಥ ಮಾಡಿಕೊಂಡು ಮಾಡಿದ ಯೋಜನೆ ಎಂದರೆ ಕೇಂದ್ರ ಆರೋಗ್ಯ ಇಲಾಖೆಯ ಮಿಸ್ಡ್ ಕಾಲ್ ಯೋಜನೆ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ 2016ರ ಹೊತ್ತಿಗೆ ಶುರುಮಾಡಿದ್ದು. 011-22901701ಕ್ಕೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ತಂಬಾಕು ಬಿಡಲು ಬೇಕಾದ ಸಲಹೆ, ಧೈರ್ಯ ಎಲ್ಲ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ. ದುಡ್ಡಿಲ್ಲ, ಮಾತಿಲ್ಲ, ಮುಖ ತೋರಿಸಬೇಕಾಗಿಲ್ಲ. ಮಿಸ್ಡ್ ಕಾಲ್ ವಿದ್ಯೆಯಲ್ಲಿ ನಮ್ಮನ್ನು ಮೀರಿಸಿದವರುಂಟೇ? ಒಂದು ಕಾಲದಲ್ಲಿ ನಮ್ಮ ಮನೆಯವರು ಬ್ಯಾಂಕಿನ ಭದ್ರಾವತಿ ಶಾಖೆಯಿಂದ ಹೊರಟು ಬಸ್ಸು ಹತ್ತಿದಾಗ ಒಂದು ಮಿಸ್ಡ್ ಕಾಲ್, ‘ಅಕ್ಕಿ ಇಡು’ ಎಂದು ಅದರ ಅರ್ಥ. ಹೊಳೆ ಬಸ್‌ಸ್ಟಾಪಿನಲ್ಲಿ ಇನ್ನೊಂದು, ‘ತಟ್ಟೆ ಹಾಕು’ ಎಂದು. ಬದುಕಿನ ಇಷ್ಟು ಮುಖ್ಯ ಸಂಗತಿಗಳನ್ನೆಲ್ಲ ಒಂದು ಪೈಸೆ ಖರ್ಚಿಲ್ಲದೆ ತಿಳಿಸಿದ ಜನ ನಾವು.

ಇವರೂ ಆ ಮಿಸ್ಡ್ ಕಾಲ್ ಕೊಟ್ಟಿದ್ದರು ಎಂಬುದು ನನಗೆ ಗೊತ್ತಾದದ್ದು ಒಂದು ಓಟಿಪಿ ಹುಡುಕುವಾಗ. ಸಿಲಿಂಡರು, ಬ್ಯಾಂಕು, ವಿಮೆಯ ಸಂದೇಶಗಳ ನಡುವೆ ಒಂದು ಸಂದೇಶ: ಸೇದಬೇಕೆನಿಸಿದಾಗ ಒಂದು ಲೋಟ ನೀರು ಕುಡಿಯಿರಿ, ಹಟ ಬಿಡಬೇಡಿ ಎಂದು. ನನಗೆ ನಗು ತಡೆಯಲಾಗಲಿಲ್ಲ. ಸೇದುವುದನ್ನು ಏಲಕ್ಕಿಯಿಂದ ಮುಚ್ಚಿಟ್ಟ ಮಹಾರಾಯರು, ಬಿಡುವುದನ್ನು ಎಸ್ಸೆಮ್ಮೆಸ್ಸು ಅಳಿಸಿ ಅಳಿಸಿ ಮುಚ್ಚಿಡುತ್ತಿದ್ದರು. ಅದೊಂದು ಅಳಿಸದೆ ಉಳಿದಿತ್ತು. ಅತ್ತೆಯವರಿಂದ ಕಲಿತ ಪಾಠವಿತ್ತಲ್ಲ, ನನಗೂ ಏನೂ ಗೊತ್ತಿಲ್ಲದವಳಾಗಿ ಫೋನು ವಾಪಸು ಕೊಟ್ಟೆ. ಊಟದ ಜೊತೆ ಇಡುವ ನೀರಿನ ಚೊಂಬನ್ನು ಮಾತ್ರ ದೊಡ್ಡದು ಮಾಡಿದೆ.

ಆ ಯೋಜನೆಗೆ 20 ಲಕ್ಷಕ್ಕೂ ಹೆಚ್ಚು ಜನ ಹೆಸರು ಕೊಟ್ಟರು, ಆರು ತಿಂಗಳ ನಂತರ ವಿಚಾರಿಸಿದರೆ ನೂರಕ್ಕೆ ಸುಮಾರು ಏಳು ಜನ ಬಿಟ್ಟಿದ್ದರು ಎಂದು ಓದಿದೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ಏಳು ಫಲಿತಾಂಶ ಬಂದರೆ ಹೆಡ್‌ಮಾಸ್ಟರು ಜಿಲ್ಲೆ ಬಿಟ್ಟು ಓಡಬೇಕಾಗುತ್ತದೆ. ಆದರೆ ಯಾರ ನೆರವೂ ಇಲ್ಲದೆ ತಾನೇ ಬಿಡುತ್ತೇನೆಂದು ಹೊರಟವರಲ್ಲಿ ಗೆಲ್ಲುವವರು ನೂರಕ್ಕೆ ನಾಲ್ಕೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ತರಗತಿಯಲ್ಲಿ ಏಳು ಎಂದರೆ ರ್‍ಯಾಂಕೇ ಸರಿ. ಮಾತಾಡಿಸುವವರ ಬೆಂಬಲವೂ ಔಷಧಿಯೂ ಸೇರಿದರೆ ಇನ್ನೂ ಹೆಚ್ಚು. 2020ರಲ್ಲಿ ಆ ಸಂಸ್ಥೆಯವರು ‘ಫ್ಲಾರೆನ್ಸ್’ ಎಂಬ ಕಂಪ್ಯೂಟರ್ ಹೆಣ್ಣನ್ನೂ ಸೃಷ್ಟಿಸಿ, ಸಿಗರೇಟು ಬಿಡುವವರ ಜೊತೆ ತೆರೆಯ ಮೇಲೆ ಮಾತಾಡಲು ಕೂರಿಸಿದರು. ಇವರಿಗೆ ತೋರಿಸಿದೆ. ‘ನೀನು ಹೇಳೋದನ್ನೇ ಹೇಳ್ತಾಳೆ. ಆದರೆ ಮಧ್ಯದಲ್ಲಿ ಆಫ್ ಮಾಡಬಹುದು’ ಎಂದರು.

ಇನ್ನು ಸಹಾಯವಾಣಿ. 1800-11-2356. 2016ರ ಮೇ 30ರಂದು ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಶುರುವಾದ ಈ ಉಚಿತ ಕರೆ, 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸಿಗೂ ಬಂದ ಮೇಲೆ ಕನ್ನಡದಲ್ಲೇ ಮಾತಾಡುತ್ತದೆ. ಅದೇ ವರ್ಷದ ಸೆಪ್ಟೆಂಬರಿನಿಂದ ಈ ಸಂಖ್ಯೆಯನ್ನು ಪ್ರತಿ ಸಿಗರೇಟು, ಬೀಡಿ ಪ್ಯಾಕಿನ ಮೇಲೆ ಅಚ್ಚು ಮಾಡಬೇಕೆಂದಾಯಿತು. ಪ್ಯಾಕಿನ ನೂರಕ್ಕೆ 85 ಭಾಗ ಹುಣ್ಣಾದ ಬಾಯಿ, ಗಂಟಲಿನ ಚಿತ್ರ, ಎಚ್ಚರಿಕೆ. ಅದರ ಜೊತೆಗೇ ಈ ಸಂಖ್ಯೆ. ದೇಶದ ಪ್ರತಿಯೊಬ್ಬ ಸೇದುವವನ ಕೈಗೂ ವೈದ್ಯರ ಫೋನ್ ನಂಬರು ತಲುಪಿಸುವ ಉಪಾಯ. ಉಪಾಯವೇನೋ ಸೊಗಸಾಗಿದೆ, ಆದರೆ ನಮ್ಮ ಊರುಗಳಲ್ಲಿ ಪ್ಯಾಕು ಕೊಳ್ಳುವವರು ಯಾರು? ‘ಒಂದು ಕಿಂಗು’, ‘ಎರಡು ಸಣ್ಣದು’ ಎಂದು ಬಿಡಿಯಾಗಿಯೇ ವ್ಯಾಪಾರ. ಬಿಡಿ ಸಿಗರೇಟು ಮಾರಬಾರದೆಂದು ಕರ್ನಾಟಕ ಸರ್ಕಾರ 2017ರಲ್ಲೇ ಆದೇಶ ಮಾಡಿತ್ತು. ಈಗ ಕಾನೂನಿಗೇ ತಿದ್ದುಪಡಿಯಾಗಿ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ ಇನ್ನೂರು ರೂಪಾಯಿ ದಂಡ ಸಾವಿರಕ್ಕೇರಿದೆ. ಹೀಗಿದ್ದೂ ಗಿರಾಕಿಯ ಕೈಗೆ ಬರುವುದು ಬಿಳಿ ಕಡ್ಡಿ ಮಾತ್ರ. ಚಿತ್ರ, ಎಚ್ಚರಿಕೆ, ಫೋನ್ ನಂಬರು ಮೂರೂ ಅಂಗಡಿಯವನ ಬಳಿಯೇ ಉಳಿಯುತ್ತವೆ. ಸರ್ಕಾರ ಇಷ್ಟು ಕಷ್ಟಪಟ್ಟು ಅಚ್ಚು ಹಾಕಿಸಿದ್ದನ್ನು ದಿನಕ್ಕೆ ನೂರು ಸಲ ಓದುವವನು ಅಂಗಡಿಯವನೊಬ್ಬನೇ.

ಹಾಗಾಗಿ ಅಣ್ಣನಿಗೆ ಸಹಾಯವಾಣಿಯ ನಂಬರು ಕೊಟ್ಟವನು ಅವನಿಗೆ ಇಷ್ಟು ವರ್ಷ ಸಿಗರೇಟು ಕೊಟ್ಟವನೇ. ಒಂದು ಸಂಜೆ ಅಣ್ಣ ಕೆಮ್ಮಿ ಕೆಮ್ಮಿ ಅಂಗಡಿಯ ಹಲಗೆ ಹಿಡಿದುಕೊಂಡು ನಿಂತಾಗ, ಅವನು ಸಿಗರೇಟು ಕೊಡುವ ಬದಲು ಪ್ಯಾಕನ್ನೇ ತಿರುಗಿಸಿ ಹಿಡಿದು, ‘ಬರ್ಕೊಳ್ಳಿ ಸಾರ್, ಒಂದು ಸಾವಿರದ ಎಂಟುನೂರು...’ ಎಂದು ಶುರುಮಾಡಿದನಂತೆ. ‘ನಿನ್ನ ವ್ಯಾಪಾರ ಏನಾಗತ್ತೋ?’ ಎಂದ ಅಣ್ಣ. ‘ನೀವು ಇದ್ರೆ ತಾನೆ ಸಾರ್ ಹಳೇ ಬಾಕಿ ಬರೋದು?’

ಫೋನು ಎತ್ತಿದ್ದು ಒಬ್ಬಳು ಹುಡುಗಿ. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಎಂಬುದು ಅವಳ ಮೊದಲ ಪ್ರಶ್ನೆಗಳಲ್ಲಿ ಒಂದು. ಚಟ ಎಷ್ಟು ಆಳಕ್ಕಿಳಿದಿದೆ ಎಂದು ಅಳೆಯಲು ವೈದ್ಯರು ಮುಖ್ಯವಾಗಿ ಕೇಳುವುದೇ ಅದನ್ನು. ಐದು ನಿಮಿಷದೊಳಗೆ ಎಂದರೆ ಗಟ್ಟಿ ಬೇರು. ಅಣ್ಣ, ‘ನೋಡಮ್ಮ, ಏಳೋದೇ ಅದಕ್ಕೆ’ ಎಂದನಂತೆ. ಆಮೇಲೆ ಬೆಳಗಿನ ಹೊಟ್ಟೆಯ ವಿಚಾರ. ಒಂದು ದಮ್ಮು ಎಳೆಯದೆ ಹೊಟ್ಟೆ ಸಡಿಲವಾಗುವುದಿಲ್ಲ ಎಂಬ, ನಮ್ಮ ಗಂಡಸರೆಲ್ಲರ ಕೊನೆಯ ಅಸ್ತ್ರ. ಹೆಂಡತಿಯೆದುರು ಎಂದೂ ಸೋಲದ ಆ ವಾದವನ್ನು ಆ ಹುಡುಗಿ, ಒಂದು ಚೊಂಬು ಬಿಸಿನೀರಿನಲ್ಲಿ ಮುಗಿಸಿದಳು. ಸೇದಬೇಕೆಂಬ ತುಡಿತ ಹೆಚ್ಚೆಂದರೆ ಕೆಲವು ನಿಮಿಷ. ಅಷ್ಟು ಹೊತ್ತು ತಡ ಮಾಡಿ, ನೀರು ಕುಡಿಯಿರಿ, ನಿಧಾನಕ್ಕೆ ಉಸಿರಾಡಿ, ಬೇರೆ ಏನಾದರೂ ಕೆಲಸ ಹಚ್ಚಿಕೊಳ್ಳಿ ಎಂದಳು. ಕೊನೆಗೆ, ಬಿಡಲು ಒಂದು ದಿನ ಗೊತ್ತುಮಾಡಿ ಎಂದಾಗ ಅಣ್ಣ ಗೋಡೆಗೆ ತೂಗುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗ ತೆಗೆದ. ಮಂಗಳವಾರ ಬೇಡ, ಅಮಾವಾಸ್ಯೆ ಬೇಡ, ಅಷ್ಟಮಿ ನವಮಿ ಕೂಡದು. ಹೊಸ ಕೆಲಸ ಶುರುಮಾಡಲು ದಿನ ನೋಡಬೇಕು ಸರಿ, ಹಳೆಯ ಚಟ ಬಿಡಲೂ ನೋಡಬೇಕೇ? ಆ ಹುಡುಗಿ ಮಾತ್ರ ಒಂದೂ ಪ್ರಶ್ನೆ ಕೇಳದೆ, ಅವನು ಹೇಳಿದ ತಿಥಿಗೆ ಸರಿಯಾದ ತಾರೀಖನ್ನು ಬರೆದುಕೊಂಡಳಂತೆ. ಅವಳಿಗೆ ನಮ್ಮ ಜನ ಗೊತ್ತು.

ಬಿಟ್ಟವನನ್ನು ಮನೆಯಲ್ಲಿಟ್ಟುಕೊಳ್ಳುವ ಕಷ್ಟ ಯಾವ ಸಹಾಯವಾಣಿಯೂ ಕೇಳುವುದಿಲ್ಲ. ‘ಬೇರೆ ಕೆಲಸ’ ಎಂಬ ಸಲಹೆಯನ್ನು ಅಣ್ಣ ತೀರ ಮನಸ್ಸಿಗೆ ಹಚ್ಚಿಕೊಂಡ. ಫ್ಯಾನಿನ ರೆಕ್ಕೆ ಬಿಚ್ಚಿ ಒರೆಸಿದ. ಸಾಸಿವೆ, ಮೆಂತ್ಯ, ಜೀರಿಗೆ ಡಬ್ಬಿಗಳನ್ನು ಕಾರ್ಖಾನೆಯ ಸ್ಟೋರಿನ ಕ್ರಮದಲ್ಲಿ ಜೋಡಿಸಿ ನಂಬರು ಬರೆದ. ಅತ್ತಿಗೆ ಒಗ್ಗರಣೆಗೆ ಎಣ್ಣೆ ಕಾಯಿಸಿಟ್ಟು ‘ಹದಿನಾಲ್ಕನೇ ನಂಬರ್ ಎಲ್ರೀ?’ ಎಂದು ಕೂಗಬೇಕಾಯಿತು. ನಿಕೋಟಿನ್ ಚೂಯಿಂಗ್ ಗಮ್ಮೂ ಬಂತು. 2 ಮಿಲಿಗ್ರಾಮಿನದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಅದನ್ನು ಸುಮ್ಮನೆ ಅಗಿಯುತ್ತ ಹೋಗುವಂತಿಲ್ಲ; ನಿಧಾನಕ್ಕೆ ಅಗಿದು, ಚುರುಗುಟ್ಟಿದ ಕೂಡಲೇ ದವಡೆಯ ಪಕ್ಕಕ್ಕೆ ಒತ್ತಿಟ್ಟುಕೊಳ್ಳಬೇಕು. ಬಾಯಲ್ಲಿ ಕಾಫಿಯ ಹುಳಿ ಇದ್ದರೆ ಔಷಧಿ ಹತ್ತುವುದಿಲ್ಲವಾದ್ದರಿಂದ ಕಾಲು ಗಂಟೆ ಮೊದಲು ಕಾಫಿಯೂ ಇಲ್ಲ. ಅಣ್ಣ ಕಚಕಚ ಅಗಿದು ಬಿಕ್ಕಳಿಸುವುದನ್ನು ನೋಡಲಾರದೆ ಅತ್ತಿಗೆಯೇ ಹೇಳಿಕೊಟ್ಟಳು: ‘ಅಗಿಯೋದಲ್ಲ ರೀ, ಕವಳದ ಥರ ಒತ್ತರಿಸಿ ಇಟ್ಕೊಳ್ಳಿ. ರಸ ತಾನೇ ಇಳಿಯುತ್ತೆ.’ ಹೇಳುವಾಗ ಅವಳ ಮಾತಿನಲ್ಲಿ ಅನುಭವಸ್ಥರ ಗತ್ತಿತ್ತು.

ಅಣ್ಣ ಸೋಲುತ್ತಿದ್ದದ್ದು ಸಂಜೆ ಅಂಗಡಿಯ ಹೊತ್ತಿಗೆ. ಆ ಕಡೆ ಹೋಗಲೇಬೇಡಿ ಎಂದಳು ಹುಡುಗಿ. ‘ಹೋಗದಿದ್ರೆ ನಾನು ಯಾರ ಹತ್ರ ಮಾತಾಡ್ಲಮ್ಮ?’ ಎಂದ ಅಣ್ಣ. ಆ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಮೂವತ್ತು ವರ್ಷ ಒಂದೇ ಶಿಫ್ಟಿನಲ್ಲಿ ದುಡಿದವರು, ಕ್ಯಾಂಟೀನು ಮುಚ್ಚಿ, ಗೇಟು ಮುಚ್ಚಿ, ಸೇರಲು ಉಳಿದದ್ದು ಅದೊಂದು ಹಲಗೆಯ ಮುಂಭಾಗ. ‘ಒಂದು ದಮ್ಮು ಎಳಿಯೋಣ ಬಾ’ ಎಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ‘ಬಾ ಮಾರಾಯ, ಬೇಜಾರಾಗಿದೆ’ ಎಂದು ಕರೆಯಲು ನಮ್ಮ ಗಂಡಸರಿಗೆ ಯಾರು ಕಲಿಸಿದ್ದಾರೆ? ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲಿ ಎಷ್ಟು ಜನ ಸೇರ್ತೀರ ಸಾರ್? ಅವರಿಗೂ ಈ ನಂಬರ್ ಕೊಡಿ’ ಎಂದಳು. ಅಣ್ಣ ಈಗಲೂ ಅಲ್ಲಿಗೆ ಹೋಗುತ್ತಾನೆ. ಶುಂಠಿ ಪೆಪ್ಪರ್‌ಮಿಂಟು ಕೊಂಡು, ಗಾಳಿ ಯಾವ ಕಡೆಗಿದೆ ನೋಡಿ, ಹೊಗೆ ಬಾರದ ಪಕ್ಕಕ್ಕೆ ನಿಲ್ಲುತ್ತಾನೆ. ನಂಬರು ಕೊಟ್ಟನೋ ಇಲ್ಲವೋ ಹೇಳಿಲ್ಲ. ಆದರೆ ಪೆಪ್ಪರ್‌ಮಿಂಟಿನ ಡಬ್ಬಿ ಈಚೆಗೆ ಬೇಗ ಖಾಲಿಯಾಗುತ್ತಿದೆ ಎನ್ನುತ್ತಾನೆ ಅಂಗಡಿಯವನು.

ಈ ಮಧ್ಯೆ ಅಣ್ಣನೂ ಇವರೂ ತಮ್ಮ ತಮ್ಮ ಗುಟ್ಟನ್ನು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು. ಇಬ್ಬರೂ ಪರಸ್ಪರ ಕರೆಯುವುದು ‘ಭಾವ’ ಎಂದೇ. ರಾತ್ರಿ ಒಂಬತ್ತಕ್ಕೆ ಸರಿಯಾಗಿ ಫೋನು. ‘ಭಾವ, ನಿಮ್ದು?’ ‘ಸೊನ್ನೆ. ನಿಮ್ದು ಭಾವ?’ ‘ನಂದೂ ಸೊನ್ನೆ.’ ಇಷ್ಟೇ ಮಾತು. ಬಂಧುತ್ವ ಬೆಳೆದು ಇಷ್ಟು ವರ್ಷವಾದರೂ ಇವರಿಬ್ಬರು ಅಡಿಕೆ ರೇಟು, ಮಳೆ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಯಾರು ಮೊದಲು ಸೋಲುತ್ತಾರೆಂಬ ಜಿದ್ದು ಅದರಲ್ಲಿತ್ತು, ನಿಜ. ಒಂದು ಮದುವೆಯಲ್ಲಿ ಬೀಗರು ಕೊಟ್ಟ ಸಿಗರೇಟನ್ನು ಮರ್ಯಾದೆಗೆಂದು ತೆಗೆದುಕೊಂಡ ಅಣ್ಣ, ಅವತ್ತು ರಾತ್ರಿ ‘ಒಂದು’ ಎಂದ. ಇವರು ಪದಕ ಕಿತ್ತುಕೊಳ್ಳಲಿಲ್ಲ. ‘ಆಯ್ತು ಬಿಡಿ ಭಾವ, ನಾಳೆ ಹೇಳಿ’ ಎಂದರು. ಈಗ ನಮ್ಮ ಮನೆಯ ಟ್ಯಾಂಕು ತುಂಬಿ ಉಕ್ಕಿ ಪಕ್ಕದ ಮನೆಯವರು ಬಂದು ಕೂಗುವವರೆಗೂ ಇವರಿಗೆ ಗೊತ್ತಾಗುವುದಿಲ್ಲ.

ಸಹಾಯವಾಣಿಯವರು ಒಮ್ಮೆ ಮಾತಾಡಿ ಬಿಡುವುದಿಲ್ಲ, ಹೇಗಿದ್ದೀರೆಂದು ತಾವಾಗಿಯೇ ಮತ್ತೆ ಮತ್ತೆ ಕರೆ ಮಾಡುತ್ತಾರೆ. ಗೌರಿಹಬ್ಬದ ಬಾಗಿನಕ್ಕೆಂದು ನಾನು ಭದ್ರಾವತಿಗೆ ಹೋಗಿದ್ದಾಗ ಅಂಥ ಒಂದು ಕರೆ ಬಂತು. ಅಣ್ಣ ತರಕಾರಿಗೆ ಹೋಗಿದ್ದ, ಫೋನು ಚಾರ್ಜಿಗಿತ್ತು. ಅತ್ತಿಗೆ ಎತ್ತಿದಳು. ಆ ಕಡೆಯ ಹುಡುಗಿ ‘ಅವರಿದ್ದಾರಾ?’ ಎಂದದ್ದಷ್ಟೇ, ಅತ್ತಿಗೆ ಫ್ಯಾನಿನ ರೆಕ್ಕೆಯಿಂದ ಹಿಡಿದು ಹದಿನಾಲ್ಕನೇ ನಂಬರಿನವರೆಗೆ ಎಲ್ಲವನ್ನೂ ಒಪ್ಪಿಸಿದಳು. ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡು, ‘ಮೇಡಂ, ಮನೇಲಿ ಬೇರೆ ಯಾರಾದ್ರೂ ತಂಬಾಕು ಬಳಸ್ತಾರಾ?’ ಎಂದಳು.

‘ಸೇದೋರು ಯಾರೂ ಇಲ್ಲಮ್ಮ.’

‘ಎಲೆಅಡಿಕೆ ಜೊತೆ?’

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಬಾಗಿನದ ಮೊರದಲ್ಲಿದ್ದ ಬಳೆ ಎಣಿಸತೊಡಗಿದೆ.

‘ಊಟ ಆದ್ಮೇಲೆ ಒಂಚೂರು ಹೊಗೆಸೊಪ್ಪು... ಅದೇನು ಲೆಕ್ಕಕ್ಕಿಲ್ಲ.’

‘ದಿನಕ್ಕೆ ಎಷ್ಟು ಊಟ ಮೇಡಂ?’

ಅಷ್ಟರಲ್ಲಿ ಅಣ್ಣ ಕೈಚೀಲ ಹಿಡಿದು ಒಳಗೆ ಬಂದ. ಅತ್ತಿಗೆಯ ಮುಖ ನೋಡಿದ, ಅವಳ ಕಿವಿಯಲ್ಲಿದ್ದ ತನ್ನ ಫೋನು ನೋಡಿದ, ಒಂದೂ ಮಾತಾಡದೆ ನೇರ ಗೋಡೆಯ ಹತ್ತಿರ ಹೋಗಿ ಪಂಚಾಂಗ ತೆಗೆದು ಅವಳ ಮುಂದೆ ಹಿಡಿದ. ಅತ್ತಿಗೆ ಫೋನಿಗೆ ಕೈ ಅಡ್ಡ ಇಟ್ಟು, ‘ಈ ವಾರ ಆಗಲ್ಲ ರೀ, ನಮ್ಮಕ್ಕನ ಮೊಮ್ಮಗಂದು ನಾಮಕರಣ ಇದೆ, ಅಲ್ಲಿ ಎಲ್ಲರೂ ಹಾಕ್ಕೋತಾರೆ’ ಎಂದಳು.

ಕೈ ಅಡ್ಡ ಇಟ್ಟದ್ದು ಸಾಲಲಿಲ್ಲ. ಸ್ಪೀಕರ್ ಆನ್ ಆಗಿತ್ತು.

‘ಪರವಾಗಿಲ್ಲ ಮೇಡಂ’ ಎಂದಳು ಹುಡುಗಿ. ‘ನಾಮಕರಣ ಯಾವತ್ತು?’